ಬೀಜಗಣಿತ ಮತ್ತು ತ್ರಿಕೋನಮಿತಿಯ ಪುನರವಲೋಕನ (ಕಾಲೇಜು ಗಣಿತ)

ಬೀಜಗಣಿತ ಮತ್ತು ತ್ರಿಕೋನಮಿತಿಯ ಪುನರವಲೋಕನ ಎಂದರೆ ಕಾಲೇಜಿನ ಗಣಿತ ಪಠ್ಯಕ್ರಮದ ಆರಂಭದಲ್ಲಿ, ಪ್ರೌಢಶಾಲೆ ಹಾಗೂ ಪದವಿಪೂರ್ವ ಹಂತಗಳಲ್ಲಿ ಕಲಿತ ಬೀಜಗಣಿತವನ್ನೂ ಪ್ರಾರಂಭಿಕ ತ್ರಿಕೋನಮಿತಿಯನ್ನೂ ಮತ್ತೊಮ್ಮೆ ಕ್ರಮವಾಗಿ ಅಭ್ಯಾಸ ಮಾಡುವುದು. ಕಲನಶಾಸ್ತ್ರ, ವಿಶ್ಲೇಷಕ ರೇಖಾಗಣಿತ, ಸದಿಶಗಳು ಮತ್ತು ಭೌತಶಾಸ್ತ್ರದ ಅಧ್ಯಯನಕ್ಕೆ ಇದು ಅಡಿಪಾಯ. ಕರ್ನಾಟಕದ ಕಾಲೇಜುಗಳಲ್ಲಿ ಇದನ್ನು ಸಾಮಾನ್ಯವಾಗಿ ಬ್ರಿಜ್ ಕೋರ್ಸ್ ಎಂದೂ, ಶಾಲಾ ಹಂತದಲ್ಲಿ ಇಂತಹದೇ ಕಾರ್ಯಕ್ರಮವನ್ನು ಸೇತುಬಂಧ ಎಂದೂ ಕರೆಯುತ್ತಾರೆ.

ಈ ಲೇಖನವು ಪುನರವಲೋಕನದ ಮುಖ್ಯ ವಿಷಯಗಳನ್ನೂ, ಅದರಲ್ಲಿ ಕಂಡುಬರುವ ಸಾಮಾನ್ಯ ದೋಷಗಳನ್ನೂ ವಿವರಿಸುತ್ತದೆ. ಉದಾಹರಣೆಗಳನ್ನು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ (ಟಿ. ನರಸೀಪುರ) ತಾಲ್ಲೂಕುಗಳಿಂದ ಆರಿಸಿಕೊಳ್ಳಲಾಗಿದೆ.

ಹಿನ್ನೆಲೆ

ನಂಜನಗೂಡು ಕಪಿಲಾ (ಕಬಿನಿ) ನದಿಯ ದಡದಲ್ಲಿಯೂ, ಟಿ. ನರಸೀಪುರವು ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮದಲ್ಲಿಯೂ ಇರುವ ತಾಲ್ಲೂಕು ಕೇಂದ್ರಗಳು. ಎರಡೂ ಪಟ್ಟಣಗಳಲ್ಲಿ ಪದವಿಪೂರ್ವ ಕಾಲೇಜುಗಳೂ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಇವೆ. ಸುತ್ತಲಿನ ಗ್ರಾಮಗಳ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಗಳು ವಿಜ್ಞಾನ ವಿಭಾಗಕ್ಕೆ ಸೇರಿದಾಗ ಬೋಧನೆಯು ಸಾಮಾನ್ಯವಾಗಿ ಇಂಗ್ಲಿಷಿಗೆ ಬದಲಾಗುತ್ತದೆ. ಹೀಗಾಗಿ ಅವರು ಒಂದೇ ಸಮಯದಲ್ಲಿ ಎರಡು ಬದಲಾವಣೆಗಳನ್ನು ಎದುರಿಸಬೇಕಾಗುತ್ತದೆ: ವಿಷಯದ ಮಟ್ಟ ಏರುತ್ತದೆ, ಅದನ್ನು ಹೇಳುವ ಭಾಷೆಯೂ ಬದಲಾಗುತ್ತದೆ. ವಿಕರ್ಣವೆಂದರೇನೆಂದು ಚೆನ್ನಾಗಿ ತಿಳಿದ ವಿದ್ಯಾರ್ಥಿಯೂ ಹೈಪೊಟೆನ್ಯೂಸ್ ಎಂಬ ಪದವನ್ನು ಮೊದಲ ಬಾರಿ ಕೇಳಿದಾಗ, ತನಗೆ ವಿಷಯವೇ ತಿಳಿಯದೆಂದು ಭಾವಿಸಬಹುದು. ಪುನರವಲೋಕನದಲ್ಲಿ ಗಣಿತದ ಕೊರತೆಯನ್ನೂ ಪದದ ಕೊರತೆಯನ್ನೂ ಬೇರೆಬೇರೆಯಾಗಿ ಗುರುತಿಸುವುದು ಇದರಿಂದಾಗಿ ಅಗತ್ಯ.

ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ದೀರ್ಘಕಾಲ ಮುಚ್ಚಿದ್ದವು. 2021ರಲ್ಲಿ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ರದ್ದಾಯಿತು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಬಹುಆಯ್ಕೆಯ ಪ್ರಶ್ನೆಗಳೊಂದಿಗೆ ಎರಡೇ ದಿನ ನಡೆಯಿತು. ಹಂತಹಂತವಾಗಿ ಬಿಡಿಸಿ ಬರೆಯುವ ಅಭ್ಯಾಸವಿಲ್ಲದೆ ಮುಂದಿನ ತರಗತಿಗೆ ಬಂದವರಿಗೆ ಇಂತಹ ಪುನರವಲೋಕನದ ಅಗತ್ಯ ಇನ್ನೂ ಹೆಚ್ಚಾಯಿತು.

ಬೀಜಗಣಿತದ ಭಾಗ

ಪುನರವಲೋಕನದ ಬೀಜಗಣಿತದಲ್ಲಿ ಸಾಮಾನ್ಯವಾಗಿ ಘಾತಾಂಕ ನಿಯಮಗಳು, ಕರಣಿಗಳು, ಅಪವರ್ತನ, ಭಿನ್ನರಾಶಿ ರೂಪದ ಬೀಜೋಕ್ತಿಗಳು, ರೇಖಾತ್ಮಕ ಮತ್ತು ವರ್ಗಸಮೀಕರಣಗಳು, ಅಸಮತೆಗಳು, ಲಘುಗಣಕ ಹಾಗೂ ಫಲನದ ಪರಿಕಲ್ಪನೆ ಸೇರಿರುತ್ತವೆ. ಇವುಗಳಲ್ಲಿ ಮೂರು ವಿಷಯಗಳು ಮುಂದಿನ ಅಧ್ಯಯನದಲ್ಲಿ ಪದೇ ಪದೇ ಬಳಕೆಯಾಗುತ್ತವೆ.

ಅಪವರ್ತನ. ಬಹುಪದೋಕ್ತಿಯೊಂದನ್ನು ಗುಣಲಬ್ಧವಾಗಿ ಬರೆಯುವುದೇ ಅಪವರ್ತನ. ಉದಾಹರಣೆಗೆ, ಕ್ಷ² − 9 = (ಕ್ಷ − 3)(ಕ್ಷ + 3). ಕಲನಶಾಸ್ತ್ರದಲ್ಲಿ (ಕ್ಷ² − 9) / (ಕ್ಷ − 3) ಎಂಬ ಫಲನದ ಪರಿಮಿತಿಯನ್ನು ಕ್ಷ ಬೆಲೆಯು 3ನ್ನು ಸಮೀಪಿಸುವಾಗ ಕಂಡುಹಿಡಿಯಬೇಕಾದರೆ, ನೇರವಾಗಿ ಆದೇಶಿಸಿದಲ್ಲಿ 0/0 ಎಂಬ ಅರ್ಥವಿಲ್ಲದ ರೂಪ ದೊರೆಯುತ್ತದೆ. ಅಪವರ್ತಿಸಿ (ಕ್ಷ − 3)ನ್ನು ಸಂಕ್ಷೇಪಿಸಿದರೆ ಕ್ಷ + 3 ಉಳಿದು, ಪರಿಮಿತಿಯು 6 ಎಂದು ತಿಳಿಯುತ್ತದೆ. ಇಲ್ಲಿ ಪರಿಮಿತಿಯೆಂಬ ಕಲ್ಪನೆ ಹೊಸದು. ಲೆಕ್ಕವನ್ನು ಬಿಡಿಸುವ ಕೆಲಸ ಮಾತ್ರ ಪ್ರೌಢಶಾಲೆಯ ಬೀಜಗಣಿತದ್ದು.

ವರ್ಗ ಪೂರ್ಣಗೊಳಿಸುವಿಕೆ. ಕ್ಷ² + 6ಕ್ಷ − 7 = 0 ಎಂಬ ಸಮೀಕರಣದ ಎಡಭಾಗಕ್ಕೆ ಬೇಕಾದ 9ನ್ನು ಎರಡೂ ಕಡೆ ಕೂಡಿಸಿ ಬರೆದರೆ (ಕ್ಷ + 3)² = 16 ಆಗುತ್ತದೆ. ಆಗ ಕ್ಷ = 1 ಅಥವಾ ಕ್ಷ = −7. ಅ·ಕ್ಷ² + ಬ·ಕ್ಷ + ಕ = 0 ಎಂಬ ಸಾಮಾನ್ಯ ವರ್ಗಸಮೀಕರಣದ ಸೂತ್ರವು ಇದೇ ವಿಧಾನದಿಂದ ಬಂದದ್ದು; ಬ² − 4ಅಕ ಎಂಬ ಶೋಧಕವು ಮೂಲಗಳ ಸ್ವಭಾವವನ್ನು ತಿಳಿಸುತ್ತದೆ. ಇದೇ ವಿಧಾನವನ್ನು ಬಳಸಿ ಕ್ಷ² + ಯ² − 6ಕ್ಷ + 4ಯ − 12 = 0 ಎಂಬ ಸಮೀಕರಣವನ್ನು (ಕ್ಷ − 3)² + (ಯ + 2)² = 25 ಎಂದು ಬರೆದರೆ, ಅದು (3, −2) ಕೇಂದ್ರವೂ 5 ತ್ರಿಜ್ಯವೂ ಉಳ್ಳ ವೃತ್ತವೆಂದು ಕೂಡಲೇ ತಿಳಿಯುತ್ತದೆ.

ಫಲನ. ಶಾಲೆಯಲ್ಲಿ ಚರಾಕ್ಷರವು ಕಂಡುಹಿಡಿಯಬೇಕಾದ ಅಜ್ಞಾತ ಸಂಖ್ಯೆಯಾಗಿರುತ್ತದೆ. ಕಾಲೇಜಿನಲ್ಲಿ ಅದು ಬದಲಾಗುತ್ತಿರುವ ಪರಿಮಾಣವಾಗುತ್ತದೆ. ಒಂದು ಪರಿಮಾಣದ ಪ್ರತಿಯೊಂದು ಬೆಲೆಗೂ ಇನ್ನೊಂದು ಪರಿಮಾಣದ ಒಂದೇ ಒಂದು ಬೆಲೆಯನ್ನು ನೀಡುವ ನಿಯಮವನ್ನು ಫಲನ ಎನ್ನುತ್ತಾರೆ. ಸಮೀಕರಣವನ್ನು ಬಿಡಿಸುವುದರಿಂದ ಫಲನವನ್ನು ಅಭ್ಯಸಿಸುವುದಕ್ಕೆ ಸಾಗುವ ಈ ಹೆಜ್ಜೆಯೇ ಪುನರವಲೋಕನದ ಬೀಜಗಣಿತ ಭಾಗದ ಮುಖ್ಯ ಉದ್ದೇಶ.

ತ್ರಿಕೋನಮಿತಿಯ ಭಾಗ

ತ್ರಿಭುಜದಿಂದ ವೃತ್ತಕ್ಕೆ. ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿಯ ಅನುಪಾತಗಳನ್ನು ಲಂಬಕೋನ ತ್ರಿಭುಜದ ಮೂಲಕ ನಿರೂಪಿಸಲಾಗುತ್ತದೆ. ಲಘುಕೋನ ಅ ಗೆ ಸಂಬಂಧಿಸಿದಂತೆ,

ಸೈನ್ ಅ = ಅಭಿಮುಖ ಬಾಹು / ವಿಕರ್ಣ
ಕೊಸೈನ್ ಅ = ಪಾರ್ಶ್ವ ಬಾಹು / ವಿಕರ್ಣ
ಟ್ಯಾನ್ ಅ = ಅಭಿಮುಖ ಬಾಹು / ಪಾರ್ಶ್ವ ಬಾಹು

ಈ ನಿರೂಪಣೆಯಲ್ಲಿ ಕೋನವು 0° ಮತ್ತು 90°ಗಳ ನಡುವೆ ಇರಬೇಕು. ಸೈನ್ 150° ಎಂದರೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ; ಏಕೆಂದರೆ ಲಂಬಕೋನ ತ್ರಿಭುಜದಲ್ಲಿ 150° ಕೋನ ಇರಲಾರದು. ಪದವಿಪೂರ್ವ ಹಂತದಲ್ಲಿ ಏಕಮಾನ ವೃತ್ತದ ಮೂಲಕ ನಿರೂಪಣೆಯನ್ನು ವಿಸ್ತರಿಸಲಾಗುತ್ತದೆ. ಮೂಲಬಿಂದುವನ್ನು ಕೇಂದ್ರವಾಗಿ ಉಳ್ಳ 1 ಮಾನ ತ್ರಿಜ್ಯದ ವೃತ್ತದಲ್ಲಿ, ಧನ ಕ್ಷ-ಅಕ್ಷದಿಂದ ಅ ಕೋನದಷ್ಟು ತಿರುಗಿದಾಗ ತಲುಪುವ ಬಿಂದುವಿನ ನಿರ್ದೇಶಾಂಕಗಳೇ (ಕೊಸೈನ್ ಅ, ಸೈನ್ ಅ). ಇದರಿಂದ ಯಾವುದೇ ಕೋನಕ್ಕೂ ಅನುಪಾತಗಳು ಅರ್ಥಪೂರ್ಣವಾಗುತ್ತವೆ, ಅವುಗಳ ಋಣ ಬೆಲೆಗಳೂ ವಿವರಣೆ ಪಡೆಯುತ್ತವೆ. ಸೈನ್ 150° = 1/2, ಕೊಸೈನ್ 150° = −√3/2. ವೃತ್ತದ ಸಮೀಕರಣವಾದ ಕ್ಷ² + ಯ² = 1 ಎಂಬುದರಿಂದಲೇ ಸೈನ್² ಅ + ಕೊಸೈನ್² ಅ = 1 ಎಂಬ ನಿತ್ಯಸಮೀಕರಣ ದೊರೆಯುತ್ತದೆ.

ರೇಡಿಯನ್. ವೃತ್ತದ ತ್ರಿಜ್ಯಕ್ಕೆ ಸಮನಾದ ಉದ್ದವುಳ್ಳ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನವು 1 ರೇಡಿಯನ್. 180° = ಪೈ ರೇಡಿಯನ್; ಆದುದರಿಂದ 1 ರೇಡಿಯನ್ ಸುಮಾರು 57.3°. ಸೈನ್ ಫಲನದ ಅವಕಲನದಿಂದ ಕೊಸೈನ್ ದೊರೆಯುವುದು ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ. ಡಿಗ್ರಿಯಲ್ಲಿ ಅಳೆದರೆ ಪೈ/180 ಎಂಬ ಹೆಚ್ಚುವರಿ ಗುಣಕ ಬರುತ್ತದೆ. ಕಲನಶಾಸ್ತ್ರದಲ್ಲಿ ಡಿಗ್ರಿಯನ್ನು ಬಿಟ್ಟು ರೇಡಿಯನ್ ಬಳಸಲು ಇದೇ ಕಾರಣ.

ಸಂಯುಕ್ತ ಕೋನಗಳು. ಮುಂದಿನ ಸೂತ್ರಗಳಲ್ಲಿ ಹೆಚ್ಚಿನವು ಈ ಎರಡರಿಂದ ಸಾಧಿತವಾಗುತ್ತವೆ:

ಸೈನ್ (ಅ + ಬ) = ಸೈನ್ ಅ · ಕೊಸೈನ್ ಬ + ಕೊಸೈನ್ ಅ · ಸೈನ್ ಬ
ಕೊಸೈನ್ (ಅ + ಬ) = ಕೊಸೈನ್ ಅ · ಕೊಸೈನ್ ಬ − ಸೈನ್ ಅ · ಸೈನ್ ಬ

ಇವುಗಳಲ್ಲಿ ಬ = ಅ ಎಂದು ಆದೇಶಿಸಿದರೆ ದ್ವಿಗುಣ ಕೋನದ ಸೂತ್ರಗಳು ದೊರೆಯುತ್ತವೆ. ಕೊಸೈನ್ 2ಅ = 1 − 2 ಸೈನ್² ಅ ಎಂಬುದನ್ನು ಸೈನ್² ಅ = (1 − ಕೊಸೈನ್ 2ಅ)/2 ಎಂದು ತಿರುಗಿಸಿ ಬರೆಯದೆ ಸೈನ್² ಅ ಫಲನದ ಅನುಕಲನವನ್ನು ಸುಲಭವಾಗಿ ಮಾಡಲಾಗದು. ಎಲ್ಲ ಸೂತ್ರಗಳನ್ನೂ ಕಂಠಪಾಠ ಮಾಡುವುದಕ್ಕಿಂತ ಈ ಎರಡನ್ನು ನೆನಪಿಟ್ಟು ಉಳಿದವನ್ನು ಸಾಧಿಸಿಕೊಳ್ಳುವುದು ಹೆಚ್ಚು ವಿಶ್ವಾಸಾರ್ಹ ಕ್ರಮ.

ಸ್ಥಳೀಯ ಉದಾಹರಣೆಗಳು

ನಂಜನಗೂಡಿನ ಗೋಪುರದ ಎತ್ತರ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಮಹಾದ್ವಾರ ಗೋಪುರವು ಸುಮಾರು 120 ಅಡಿ ಎತ್ತರವಿದ್ದು, 19ನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ನಿರ್ಮಾಣವಾಯಿತು. ಗೋಪುರದ ತುದಿಯಿಂದ ಎಳೆದ ಲಂಬರೇಖೆಯು ಕಟ್ಟಡದ ಒಳಗೆ ಬೀಳುವುದರಿಂದ, ಆ ಬಿಂದುವಿನಿಂದ ವೀಕ್ಷಕನಿಗೆ ಇರುವ ದೂರವನ್ನು ನೇರವಾಗಿ ಅಳೆಯುವುದು ಕಷ್ಟ. ಆದುದರಿಂದ ಒಂದೇ ಸರಳರೇಖೆಯಲ್ಲಿರುವ ಎರಡು ಸ್ಥಾನಗಳಿಂದ ಉನ್ನತ ಕೋನವನ್ನು ಅಳೆಯಲಾಗುತ್ತದೆ. ಮೊದಲ ಸ್ಥಾನದಲ್ಲಿ ಕೋನವು 30°, ಗೋಪುರದ ಕಡೆಗೆ ದ ಅಡಿ ನಡೆದ ಮೇಲೆ 60° ಎಂದಿರಲಿ. ಎತ್ತರವನ್ನು ಎ ಎಂದು ಕರೆದರೆ, ಎರಡು ದೂರಗಳು ಕ್ರಮವಾಗಿ ಎ√3 ಮತ್ತು ಎ/√3. ಅವುಗಳ ವ್ಯತ್ಯಾಸವೇ ದ ಆದುದರಿಂದ

ಎ√3 − ಎ/√3 = ದ, ಅಂದರೆ ಎ = ದ√3/2.

ನಡೆದ ದೂರವು 138.6 ಅಡಿಯಾದರೆ ಎತ್ತರವು ಸುಮಾರು 120 ಅಡಿ. ಇಲ್ಲಿ ಕೋನವನ್ನು ನೆಲಮಟ್ಟದಿಂದ ಅಳೆದಂತೆ ಭಾವಿಸಲಾಗಿದೆ. ಕಣ್ಣಿನ ಮಟ್ಟದಿಂದ ಅಳೆದಿದ್ದರೆ ದೊರೆತ ಎತ್ತರಕ್ಕೆ ನೆಲದಿಂದ ಕಣ್ಣಿಗಿರುವ ಎತ್ತರವನ್ನು ಕೂಡಿಸಬೇಕು. ಈ ಲೆಕ್ಕದಲ್ಲಿ ತ್ರಿಕೋನಮಿತಿಯ ಕೆಲಸ ಮೊದಲ ಸಾಲಿಗೇ ಮುಗಿಯುತ್ತದೆ. ಉಳಿದುದೆಲ್ಲ ಕರಣಿಗಳನ್ನು ಸರಿಯಾಗಿ ಸರಳೀಕರಿಸುವ ಬೀಜಗಣಿತ.

ಸಂಗಮದಲ್ಲಿ ನದಿಯ ಅಗಲ. ಟಿ. ನರಸೀಪುರದಲ್ಲಿ ನದಿಯನ್ನು ದಾಟದೆ ಅದರ ಅಗಲವನ್ನು ಲೆಕ್ಕ ಹಾಕಬೇಕೆಂದು ಭಾವಿಸೋಣ. ಈ ದಡದಲ್ಲಿ ದ ಉದ್ದದ ಆಧಾರರೇಖೆಯೊಂದನ್ನು ಅಳೆದು, ಅದರ ಎರಡು ತುದಿಗಳಿಂದ ಎದುರು ದಡದ ಒಂದು ಮರದ ಕಡೆಗೆ ಕೋನಗಳನ್ನು ಅಳೆಯಬೇಕು. ಆಧಾರರೇಖೆಯೊಂದಿಗೆ ಆ ಕೋನಗಳು ಅ ಮತ್ತು ಬ ಆದರೆ,

ಅಗಲ = ದ / (ಕೊಟ್ ಅ + ಕೊಟ್ ಬ).

ಆಧಾರರೇಖೆ 100 ಮೀಟರ್, ಕೋನಗಳು 90° ಮತ್ತು 60° ಎಂದು ಇಟ್ಟುಕೊಂಡರೆ ಅಗಲವು 100√3, ಅಂದರೆ ಸುಮಾರು 173.2 ಮೀಟರ್. ಒಂದು ಉದ್ದವನ್ನು ಮಾತ್ರ ಅಳೆದು ಉಳಿದೆಲ್ಲವನ್ನೂ ಕೋನಗಳಿಂದ ಪಡೆಯುವ ಈ ಕ್ರಮವೇ ಭೂಮಾಪನದಲ್ಲಿ ಬಳಸುವ ತ್ರಿಭುಜೀಕರಣದ ತತ್ವ.

ಸೋಮನಾಥಪುರದ ನಕ್ಷತ್ರಾಕಾರ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿರುವ ಹೊಯ್ಸಳರ ಕಾಲದ ಕೇಶವ ದೇವಾಲಯವು 13ನೆಯ ಶತಮಾನದ್ದು. ಇದು 2023ರಲ್ಲಿ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದರ ಗರ್ಭಗುಡಿಗಳ ತಳವಿನ್ಯಾಸವು 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಒಂದೇ ಕೇಂದ್ರವುಳ್ಳ ನಾಲ್ಕು ಸಮಚೌಕಗಳನ್ನು ಒಂದಕ್ಕಿಂತ ಒಂದು 22.5°ಯಷ್ಟು ತಿರುಗಿಸಿ ಇಟ್ಟರೆ ಇಂತಹ 16 ಮೂಲೆಗಳು ದೊರೆಯುತ್ತವೆ, ಏಕೆಂದರೆ 360° ÷ 16 = 22.5°.

ಈ ಕೋನದ ಟ್ಯಾನ್ ಬೆಲೆಯನ್ನು ದ್ವಿಗುಣ ಕೋನದ ಸೂತ್ರದಿಂದ ಕಂಡುಹಿಡಿಯಬಹುದು. ಟ್ಯಾನ್ 22.5° = ಟ ಎಂದಿರಲಿ. 22.5°ಯ ಇಮ್ಮಡಿ 45°, ಮತ್ತು ಟ್ಯಾನ್ 45° = 1 ಆದುದರಿಂದ

2ಟ / (1 − ಟ²) = 1, ಅಂದರೆ ಟ² + 2ಟ − 1 = 0.

ಇದರ ಮೂಲಗಳು −1 + √2 ಮತ್ತು −1 − √2. 22.5° ಲಘುಕೋನವಾದುದರಿಂದ ಧನ ಮೂಲವೇ ಉತ್ತರ: ಟ್ಯಾನ್ 22.5° = √2 − 1, ಅಂದರೆ ಸುಮಾರು 0.4142. ಕೈಬಿಟ್ಟ ಋಣ ಮೂಲಕ್ಕೂ ಅರ್ಥವಿದೆ. ಅದು 112.5°ಯ ಟ್ಯಾನ್ ಬೆಲೆ. ಆ ಕೋನದ ಇಮ್ಮಡಿಯಾದ 225°ಗೂ ಟ್ಯಾನ್ ಬೆಲೆ 1 ಆಗಿದೆ. ಸಮೀಕರಣವು ನೀಡಿದ ಎರಡು ಮೂಲಗಳಲ್ಲಿ ಯಾವುದು ಸಮಸ್ಯೆಗೆ ಹೊಂದುತ್ತದೆ ಎಂಬುದನ್ನು ಬೀಜಗಣಿತ ಹೇಳುವುದಿಲ್ಲ. ಅದನ್ನು ಕೋನದ ಸ್ಥಾನದಿಂದ ನಿರ್ಧರಿಸಬೇಕು.

ಸಾಮಾನ್ಯ ದೋಷಗಳು

ಕಲನಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಹಲವು ವಾಸ್ತವವಾಗಿ ಬೀಜಗಣಿತದವು ಅಥವಾ ತ್ರಿಕೋನಮಿತಿಯವು. ಅವುಗಳಲ್ಲಿ ಮುಖ್ಯವಾದವು:

• (ಅ + ಬ)²ನ್ನು ಅ² + ಬ² ಎಂದು ಬರೆಯುವುದು. ಸರಿಯಾದುದು ಅ² + 2ಅಬ + ಬ². ಹಾಗೆಯೇ √(9 + 16) = 5 ಆಗುತ್ತದೆಯೇ ಹೊರತು 3 + 4 = 7 ಅಲ್ಲ.

• ಸೈನ್ (ಅ + ಬ)ಯನ್ನು ಸೈನ್ ಅ + ಸೈನ್ ಬ ಎಂದು ಬಿಡಿಸುವುದು. 30° ಮತ್ತು 60°ಗಳನ್ನು ಆದೇಶಿಸಿ ನೋಡಿದರೆ ಎಡಗಡೆ 1, ಬಲಗಡೆ ಸುಮಾರು 1.366 ಬರುತ್ತದೆ.

• ಭಿನ್ನರಾಶಿಯಲ್ಲಿ ಅಪವರ್ತನವಲ್ಲದ ಪದವನ್ನು ಹೊಡೆದುಹಾಕುವುದು. (ಕ್ಷ + 5)/5 ಎಂಬುದು ಕ್ಷ ಆಗುವುದಿಲ್ಲ. ಅದು ಕ್ಷ/5 + 1.

• ಚರಾಕ್ಷರವುಳ್ಳ ಪದದಿಂದ ಭಾಗಿಸಿ ಮೂಲಗಳನ್ನು ಕಳೆದುಕೊಳ್ಳುವುದು. 2 ಸೈನ್ ಅ · ಕೊಸೈನ್ ಅ = ಸೈನ್ ಅ ಎಂಬ ಸಮೀಕರಣಕ್ಕೆ 0°ಯಿಂದ ಮೊದಲ್ಗೊಂಡು 360°ಗಿಂತ ಕಡಿಮೆ ಇರುವ ವ್ಯಾಪ್ತಿಯಲ್ಲಿ 0°, 60°, 180°, 300° ಎಂಬ ನಾಲ್ಕು ಪರಿಹಾರಗಳಿವೆ. ಎರಡೂ ಕಡೆ ಸೈನ್ ಅ ಯಿಂದ ಭಾಗಿಸಿದರೆ 60° ಮತ್ತು 300° ಮಾತ್ರ ಉಳಿಯುತ್ತವೆ.

• ವರ್ಗ ಮಾಡಿದಾಗ ಸೇರಿಕೊಳ್ಳುವ ಹುಸಿ ಮೂಲವನ್ನು ಗುರುತಿಸದಿರುವುದು. √(ಕ್ಷ + 6) = ಕ್ಷ ಎಂಬುದನ್ನು ವರ್ಗ ಮಾಡಿದರೆ 3 ಮತ್ತು −2 ದೊರೆಯುತ್ತವೆ; ಮೂಲ ಸಮೀಕರಣಕ್ಕೆ 3 ಮಾತ್ರ ಹೊಂದುತ್ತದೆ.

• ವಿಲೋಮ ಸೈನನ್ನು ಸೈನ್‌ನ ವ್ಯುತ್ಕ್ರಮವೆಂದು ತಿಳಿಯುವುದು. ಮೊದಲನೆಯದು ಕೋನವನ್ನು ನೀಡುತ್ತದೆ. ಎರಡನೆಯದು ಕೊಸೀಕೆಂಟ್ ಎಂಬ ಅನುಪಾತ.

• ಕ್ಯಾಲ್ಕ್ಯುಲೇಟರ್‌ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡದೆ ಬೆಲೆ ಪಡೆಯುವುದು. ಡಿಗ್ರಿಯಲ್ಲಿ ಸೈನ್ 30 = 0.5, ರೇಡಿಯನ್‌ನಲ್ಲಿ ಸುಮಾರು −0.988.

ಸಂಶಯ ಬಂದಾಗ ಸರಳ ಸಂಖ್ಯೆಯೊಂದನ್ನು ಆದೇಶಿಸಿ ಎರಡೂ ಕಡೆ ತಾಳೆ ನೋಡುವುದು ಈ ದೋಷಗಳಲ್ಲಿ ಬಹಳಷ್ಟನ್ನು ಕೂಡಲೇ ಹಿಡಿಯುವ ವಿಧಾನ.

ಪಾರಿಭಾಷಿಕ ಪದಗಳು

ಕನ್ನಡ ಮಾಧ್ಯಮದ ಪಠ್ಯಪುಸ್ತಕದ ಪದಗಳೂ ಕಾಲೇಜಿನ ತರಗತಿಯಲ್ಲಿ ಕೇಳಿಬರುವ ಪದಗಳೂ ಹೀಗಿವೆ:

• ಬಹುಪದೋಕ್ತಿ – ಪಾಲಿನಾಮಿಯಲ್
• ಅಪವರ್ತನ – ಫ್ಯಾಕ್ಟರ್
• ಸಹಗುಣಕ – ಕೋಎಫಿಶಿಯೆಂಟ್
• ವರ್ಗಸಮೀಕರಣ – ಕ್ವಾಡ್ರಾಟಿಕ್ ಈಕ್ವೇಶನ್
• ಶೋಧಕ – ಡಿಸ್ಕ್ರಿಮಿನೆಂಟ್
• ಕರಣಿ – ಸರ್ಡ್
• ಲಘುಗಣಕ – ಲಾಗರಿದಮ್
• ಫಲನ – ಫಂಕ್ಷನ್
• ಅಭಿಮುಖ ಬಾಹು – ಆಪೋಸಿಟ್ ಸೈಡ್
• ಪಾರ್ಶ್ವ ಬಾಹು – ಅಡ್ಜೇಸೆಂಟ್ ಸೈಡ್
• ವಿಕರ್ಣ – ಹೈಪೊಟೆನ್ಯೂಸ್
• ಉನ್ನತ ಕೋನ – ಆ್ಯಂಗಲ್ ಆಫ್ ಎಲಿವೇಶನ್
• ಅವನತ ಕೋನ – ಆ್ಯಂಗಲ್ ಆಫ್ ಡಿಪ್ರೆಶನ್
• ನಿತ್ಯಸಮೀಕರಣ – ಐಡೆಂಟಿಟಿ
• ಪರಿಮಿತಿ – ಲಿಮಿಟ್
• ಅವಕಲನ – ಡಿಫರೆನ್ಸಿಯೇಶನ್
• ಅನುಕಲನ – ಇಂಟಿಗ್ರೇಶನ್

ಇತಿಹಾಸ

ಭಾರತೀಯ ಗಣಿತದಲ್ಲಿ ತ್ರಿಕೋನಮಿತಿಯು ಖಗೋಳಶಾಸ್ತ್ರದ ಅಂಗವಾಗಿ ಬೆಳೆಯಿತು. 499ರ ಆರ್ಯಭಟೀಯದಲ್ಲಿ 3°45′ ಅಂತರದಲ್ಲಿ 24 ಜ್ಯಾ ಬೆಲೆಗಳಿಗೆ ಬೇಕಾದ ವ್ಯತ್ಯಾಸಗಳನ್ನು ನೀಡಲಾಗಿದೆ. ಅದರ ತ್ರಿಜ್ಯವಾದ 3438 ಎಂಬ ಸಂಖ್ಯೆಯು ಒಂದು ರೇಡಿಯನ್‌ನಲ್ಲಿರುವ ಕಲೆಗಳ ಸಂಖ್ಯೆಗೆ ಸಮೀಪವಾಗಿದೆ. ಕಂಸವನ್ನೂ ತ್ರಿಜ್ಯವನ್ನೂ ಒಂದೇ ಮಾನದಲ್ಲಿ ಅಳೆಯುವ ರೇಡಿಯನ್ನಿನ ವಿಚಾರವು ಈ ಆಯ್ಕೆಯಲ್ಲಿ ಆಗಲೇ ಅಡಗಿದೆ. ಸಂಸ್ಕೃತದ ಜ್ಯಾ, ಜೀವಾ ಎಂಬ ಪದಗಳು ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಅನುವಾದಗೊಳ್ಳುವಾಗ ಸೈನಸ್ ಆಗಿ, ಇಂದಿನ ಸೈನ್ ಎಂಬ ರೂಪ ಬಂದಿತು.

ಕರ್ನಾಟಕದಲ್ಲಿ 9ನೆಯ ಶತಮಾನದ ಮಹಾವೀರಾಚಾರ್ಯನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ವರ್ಗಸಮೀಕರಣಗಳಿಗೆ ಎಡೆಕೊಡುವ ಸಮಸ್ಯೆಗಳು ಅದರಲ್ಲಿವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬ ಅಂಶವನ್ನೂ ಅದು ಗುರುತಿಸುತ್ತದೆ. 12ನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವು ಕನ್ನಡದಲ್ಲಿ ರಚಿತವಾದ ಪ್ರಾಚೀನ ಗಣಿತ ಗ್ರಂಥ. ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಭಾರತದ ಮಹಾ ತ್ರಿಕೋನಮಿತೀಯ ಸಮೀಕ್ಷೆಯು ಮೈಸೂರು ಪ್ರಾಂತವನ್ನೂ ಒಳಗೊಂಡಿತು.

ಪಠ್ಯಕ್ರಮದಲ್ಲಿ ಸ್ಥಾನ

ಕರ್ನಾಟಕದ ಹತ್ತನೆಯ ತರಗತಿಯ ಗಣಿತದಲ್ಲಿ ತ್ರಿಕೋನಮಿತಿಯ ಪ್ರಸ್ತಾವನೆ ಮತ್ತು ಅದರ ಕೆಲವು ಅನ್ವಯಗಳು ಇವೆ. ಪ್ರಥಮ ಪಿಯುಸಿಯಲ್ಲಿ ತ್ರಿಕೋನಮಿತೀಯ ಫಲನಗಳೂ ದ್ವಿತೀಯ ಪಿಯುಸಿಯಲ್ಲಿ ವಿಲೋಮ ತ್ರಿಕೋನಮಿತೀಯ ಫಲನಗಳೂ ಬರುತ್ತವೆ. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಗಳಲ್ಲಿ 60 ಪ್ರಶ್ನೆಗಳನ್ನು ಬಿಡಿಸಬೇಕಾಗುತ್ತದೆ. ಪ್ರತಿ ಪ್ರಶ್ನೆಗೆ ಸರಾಸರಿ 80 ಸೆಕೆಂಡುಗಳು ಮಾತ್ರ ಇರುವುದರಿಂದ ಸರಳೀಕರಣದಲ್ಲಿ ತಡವರಿಸುವವರಿಗೆ ವಿಷಯ ತಿಳಿದಿದ್ದರೂ ಸಮಯ ಸಾಲುವುದಿಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯ ಮೂಲಕ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾರೆ. ಮೊದಲ ವರ್ಷದ ಗಣಿತವನ್ನು ಅವರು ಓದಿರುವುದಿಲ್ಲ. ಈ ಅಂತರವನ್ನು ತುಂಬಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಹೆಚ್ಚುವರಿ ಗಣಿತ ಎಂಬ ಪತ್ರಿಕೆಗಳನ್ನು ನಿಗದಿಪಡಿಸಿದ್ದಿತು. ಪದವಿಪೂರ್ವ ಹಂತದಲ್ಲಿ ಗಣಿತವನ್ನು ಓದದೆ ಬಿಸಿಎ ಅಥವಾ ವಾಣಿಜ್ಯ ಪದವಿಗೆ ಸೇರುವವರಿಗೆ ಹತ್ತನೆಯ ತರಗತಿಯ ಬೀಜಗಣಿತದಿಂದಲೇ ಪುನರವಲೋಕನ ಆರಂಭವಾಗಬೇಕಾಗುತ್ತದೆ.

ಪುನರವಲೋಕನದ ಕ್ರಮ

ಶಾಲೆಗಳ ಸೇತುಬಂಧ ಕಾರ್ಯಕ್ರಮದಲ್ಲಿ ಮೊದಲು ನೈದಾನಿಕ ಪರೀಕ್ಷೆ, ನಂತರ ಪರಿಹಾರ ಬೋಧನೆ, ಕೊನೆಯಲ್ಲಿ ಸಾಫಲ್ಯ ಪರೀಕ್ಷೆ ಎಂಬ ಮೂರು ಹಂತಗಳಿವೆ. ಇದೇ ಕ್ರಮವನ್ನು ಕಾಲೇಜಿನಲ್ಲಿಯೂ ಅನುಸರಿಸಬಹುದು. ನೈದಾನಿಕ ಪರೀಕ್ಷೆಯ ಉದ್ದೇಶ ಅಂಕ ನೀಡುವುದಲ್ಲ, ತಪ್ಪು ಯಾವ ಹಂತದಲ್ಲಿ ಆರಂಭವಾಗುತ್ತದೆ ಎಂಬುದನ್ನು ಪತ್ತೆಹಚ್ಚುವುದು. ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನೀಡಿದರೆ, ಕೊರತೆಯು ಗಣಿತದ್ದೋ ಭಾಷೆಯದ್ದೋ ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಸರಿಯಾಗಿ ಬಿಡಿಸಿದವರಿಗೆ ಬೇಕಾಗಿರುವುದು ಪದಗಳ ಪರಿಚಯ. ಎರಡರಲ್ಲಿಯೂ ತಪ್ಪಿದವರಿಗೆ ಮಾತ್ರ ಮರುಬೋಧನೆ.

ಸ್ವತಃ ಅಭ್ಯಾಸ ಮಾಡುವವರು ಅಪವರ್ತನ ಮತ್ತು ಭಿನ್ನರಾಶಿಗಳು, ವರ್ಗಸಮೀಕರಣ, ಫಲನ, ಲಂಬಕೋನ ತ್ರಿಭುಜದ ಅನುಪಾತಗಳು, ಏಕಮಾನ ವೃತ್ತ ಮತ್ತು ರೇಡಿಯನ್, ಸಂಯುಕ್ತ ಕೋನಗಳು, ತ್ರಿಕೋನಮಿತೀಯ ಸಮೀಕರಣಗಳು ಎಂಬ ಅನುಕ್ರಮದಲ್ಲಿ ಸಾಗಬಹುದು. ತ್ರಿಕೋನಮಿತೀಯ ಸಮೀಕರಣಗಳನ್ನು ಬಿಡಿಸಲು ಅಪವರ್ತನವೂ ವರ್ಗಸಮೀಕರಣವೂ ಬೇಕಾಗುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡುವುದು ಉಪಯುಕ್ತವಲ್ಲ.

ಇವನ್ನೂ ನೋಡಿ

• ಬೀಜಗಣಿತ
• ತ್ರಿಕೋನಮಿತಿ
• ಕಲನಶಾಸ್ತ್ರ
• ಮಹಾವೀರಾಚಾರ್ಯ
• ನಂಜನಗೂಡು
• ತಿರುಮಕೂಡಲು ನರಸೀಪುರ
• ಸೋಮನಾಥಪುರ